ಸುಳ್ಳು ಕನ್ನಡದಲ್ಲಿ, ಉಪಯೋಗದ ಮಾತು ಇಂಗ್ಲಿಷಿನಲ್ಲಿ!



ನನ್ನ ಪ್ರೆಸ್ಸಿನಲ್ಲಿ ಹದಿನಾರು ವರ್ಷದಿಂದ ಬೈಂಡಿಂಗ್ ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಹೆಸರು ಬೇಡ, ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಓದಿದ್ದು ಏಳನೇ ಕ್ಲಾಸು. ಆದರೆ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಬಿಡದೆ ಓದುವವರು. ಪ್ರೂಫಿನಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡ ಒತ್ತಕ್ಷರವನ್ನು ಫಾರಂ ಮಡಿಸುವಾಗಲೇ ಹಿಡಿದು ತೋರಿಸುವವರು. ಕಳೆದ ವರ್ಷ ಮಗಳ ಮದುವೆಗೆಂದು ಅವರು ಕೂಡಿಟ್ಟ ದುಡ್ಡಿನಲ್ಲಿ 38 ಸಾವಿರ ರೂಪಾಯಿ ಹನ್ನೆರಡೇ ನಿಮಿಷದಲ್ಲಿ ಖಾತೆಯಿಂದ ಹೊರಟುಹೋಯಿತು!

ನಡೆದದ್ದು ಇಷ್ಟೆ. ತರಿಸಿಕೊಂಡಿದ್ದ ಒಂದು ಪಾರ್ಸೆಲ್ ಬರಲಿಲ್ಲ. ಅಣ್ಣ ಫೋನಿನಲ್ಲಿ ಕಂಪನಿಯ ಹೆಸರು ಬರೆದು, ಪಕ್ಕದಲ್ಲಿ 'ಕಸ್ಟಮರ್ ಕೇರ್' ಎಂದು ಸೇರಿಸಿ ಹುಡುಕಿದರು. ಮೊದಲು ಕಂಡ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ಸಕ್ಕರೆಯಂಥ ಕನ್ನಡದಲ್ಲಿ ಮಾತಾಡಿದ. 'ಒಂದು ಆಪ್ ಹಾಕ್ಕೊಳ್ಳಿ ಸಾರ್, ಐದು ರೂಪಾಯಿ ಕಟ್ಟಿ, ನಾಳೆ ಬೆಳಗ್ಗೆ ಪಾರ್ಸೆಲ್ ಮನೆ ಬಾಗಿಲಿಗೆ' ಎಂದ. ಆ ಆಪ್ ಹಾಕಿದ ಗಳಿಗೆಯಿಂದ ಅಣ್ಣನ ಫೋನಿನ ಪರದೆ ಪೂರ್ತಿ ಅವನ ಕಣ್ಣಿಗೆ ಬಿತ್ತು. ಪಿನ್ ಒತ್ತಿದ್ದೂ ಕಂಡಿತು, ಬಂದ ಓಟಿಪಿಯೂ ಕಂಡಿತು. ನಾಲ್ಕು ಮೆಸೇಜು, ನಾಲ್ಕು ಸಲ ದುಡ್ಡು.

ಮಾನಕ್ಕೆ ಅಂಜಿ ಅಣ್ಣ ಆ ರಾತ್ರಿ ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ ಕಟಿಂಗ್ ಮಷಿನ್ ಹತ್ತಿರ ನಿಂತು ಕಣ್ಣೀರು ಹಾಕಿದಾಗಲೇ ನನಗೆ ಗೊತ್ತಾದದ್ದು. ಬ್ಯಾಂಕಿಗೆ ಓಡಿದೆವು, ಅಲ್ಲಿಂದ ಪೊಲೀಸ್ ಠಾಣೆಗೆ. ಠಾಣೆಯಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ: 'ನಿನ್ನೆಯೇ 1930ಕ್ಕೆ ಫೋನ್ ಮಾಡಿದ್ರಾ?'

1930? ಅಣ್ಣನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ! ಕನ್ನಡದ ಹೆಸರಿನಲ್ಲಿ ಸಾವಿರಾರು ಕರಪತ್ರ ಅಚ್ಚು ಹಾಕಿದ ನನಗೆ ಕನ್ನಡಿಗನ ದುಡ್ಡು ಉಳಿಸುವ ನಾಲ್ಕು ಅಂಕಿ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ದುಡ್ಡು ಮೂರನೆಯ ಖಾತೆಗೆ ದಾಟಿ, ಅಲ್ಲಿಂದ ಎಟಿಎಂನಲ್ಲಿ ನೋಟಾಗಿ ಹೊರಬಿದ್ದಾಗಿತ್ತು. ಇವತ್ತಿಗೂ ವಾಪಸ್ ಬಂದಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಸಂಪಾದಕೀಯ ಬರೆಯುತ್ತಿರಲಿಲ್ಲ. ಆ ಸಂಜೆ ಮನೆಯಲ್ಲಿ ಈ ಕಥೆ ಹೇಳುತ್ತಿದ್ದಾಗ, ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಫೋನಿನಿಂದ ತಲೆ ಎತ್ತಿ ಏನೆಂದ ಗೊತ್ತೇ? 'ಮಾಮ, ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?' ಅವನ ಕಾಲೇಜಿನ ಗುಂಪಿನಲ್ಲಿ ಎಂಟು ತಿಂಗಳ ಹಿಂದೆಯೇ ಒಂದು ಇಂಗ್ಲಿಷ್ ಚಿತ್ರ ಬಂದಿತ್ತು. ಮೊದಲ ಒಂದು ಗಂಟೆ ಬಹಳ ಮುಖ್ಯ, 1930ಕ್ಕೆ ಕರೆ ಮಾಡಿ ಅಂತ. ಇವನು ಅದಕ್ಕೊಂದು ಹೆಬ್ಬೆಟ್ಟು ಒತ್ತಿ ನೂರಾರು ಜನ ಗೆಳೆಯರಿಗೆ ದಾಟಿಸಿದ್ದ. ಮನೆಯ ಗುಂಪಿಗೆ ಯಾಕೆ ಹಾಕಲಿಲ್ಲವೋ ಎಂದೆ. 'ಇಂಗ್ಲಿಷಲ್ಲಿತ್ತು ಮಾಮ, ನಿಮಗೆಲ್ಲ ಯಾಕೆ ಅಂತ...'

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನು ಒಳ್ಳೆಯ ಹುಡುಗ. ನವೆಂಬರ್ ಒಂದಕ್ಕೆ ಕೆಂಪು-ಹಳದಿ ಶಾಲು ಹೊದ್ದು ಬೈಕಿಗೆ ಬಾವುಟ ಕಟ್ಟುವ ಹುಡುಗ. ಆದರೆ ಬಂಧುಗಳೇ, ನಿಮ್ಮಲ್ಲಿ ಎಷ್ಟು ಮಂದಿಯ ಫೋನಿನಲ್ಲಿ ಹೀಗೆ ಇಂಗ್ಲಿಷಿನಲ್ಲೇ ನಿಂತುಬಿಟ್ಟ ಉಪಯೋಗದ ಮಾತುಗಳಿವೆ? ಒಮ್ಮೆ ತೆಗೆದು ನೋಡಿಕೊಳ್ಳಿ.

ಈ 1930 ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಶುರುವಾಗಿ ಆಮೇಲೆ 1930 ಆದ, ಇಡೀ ದೇಶಕ್ಕೆ ಸೇರಿದ ಸೈಬರ್ ವಂಚನೆ ಸಹಾಯವಾಣಿ ಇದು. ನೀವು ಕರೆ ಮಾಡಿ ವಿವರ ಕೊಟ್ಟರೆ ಅದು ನಿಮ್ಮ ಬ್ಯಾಂಕಿಗೂ, ದುಡ್ಡು ಹೋಗಿ ಸೇರಿದ ಬ್ಯಾಂಕಿಗೂ ತಲುಪುತ್ತದೆ. ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿ ಕೂತಿದ್ದರೆ ಅಲ್ಲೇ ತಡೆಹಿಡಿಯಬಹುದು. ಕಳ್ಳ ಅದನ್ನು ಎರಡು ಮೂರು ಖಾತೆ ದಾಟಿಸಿ ನೋಟು ಮಾಡಿಕೊಂಡ ಮೇಲೆ ಯಾರೇನು ಮಾಡಿಯಾರು? ಆದ್ದರಿಂದ ಠಾಣೆಗೆ ಓಡುವ ಮೊದಲು, ಹೆಂಡತಿಗೆ ಹೇಳಲೋ ಬೇಡವೋ ಎಂದು ಯೋಚಿಸುವ ಮೊದಲು ಆ ಕರೆ ಹೋಗಬೇಕು. ಆಮೇಲೆ ಬ್ಯಾಂಕಿಗೆ. ಬ್ಯಾಂಕಿನ ನಂಬರನ್ನು ಎಟಿಎಂ ಕಾರ್ಡಿನ ಹಿಂಭಾಗದಲ್ಲಿ ನೋಡಿ, ಅಣ್ಣನ ಹಾಗೆ ಹುಡುಕಾಟದಲ್ಲಿ ಹುಡುಕಬೇಡಿ. ಆ ಜಾಗದಲ್ಲಿ ಯಾವ ಕಳ್ಳ ಬೇಕಾದರೂ ತನ್ನ ನಂಬರ್ ತೂರಿಸಬಹುದು. ಇನ್ನೊಂದು: ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಎಂದೂ ಬೇಕಿಲ್ಲ. 'ನಿಮಗೆ ಹಣ ಬರಬೇಕು, ಪಿನ್ ಒತ್ತಿ' ಎಂದು ಯಾರಾದರೂ ಹೇಳಿದರೆ ಅವನು ಕಳ್ಳ, ಫೋನ್ ಇಡಿ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ದುಡ್ಡು ಹೋಗಿ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದಿತು. ನೀವೇ ಪಿನ್ ಬಿಟ್ಟುಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲಾದ ನಷ್ಟ ಬ್ಯಾಂಕಿನದು ಎಂದಿತು. ಎಂಥ ದೊಡ್ಡ ಮಾತು! ಇದನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದನ್ನು ನಾನು ವ್ಯವಹರಿಸುವ ಬ್ಯಾಂಕಿನ ಗೋಡೆಯ ಮೇಲೆ ಇದುವರೆಗೆ ಕಂಡಿಲ್ಲ. ಅಣ್ಣನಿಗೆ ಗೊತ್ತಿದ್ದರೆ ರಾತ್ರಿಯೆಲ್ಲ ಮುಸುಕು ಹಾಕಿಕೊಂಡು ಒದ್ದಾಡುತ್ತಿದ್ದರೇ?

ಹಾಗಾದರೆ ಕನ್ನಡದಲ್ಲಿ ಏನೂ ಬರುವುದೇ ಇಲ್ಲವೇ ಎನ್ನುತ್ತೀರೇನೋ. ಬರುತ್ತದೆ ಸ್ವಾಮಿ, ಧಾರಾಳವಾಗಿ ಬರುತ್ತದೆ. ಸುಳ್ಳು ಬರುತ್ತದೆ! 'ಎಟಿಎಂನಲ್ಲಿ ಕಳ್ಳ ಚಾಕು ತೋರಿಸಿದರೆ ಪಿನ್ ನಂಬರನ್ನು ತಿರುಗಿಸಿ ಒತ್ತಿ, ದುಡ್ಡೂ ಬರುತ್ತದೆ, ಪೊಲೀಸರೂ ಬರುತ್ತಾರೆ' ಎಂಬ ಸಂದೇಶ ಎಷ್ಟು ವರ್ಷದಿಂದ ಸುತ್ತುತ್ತಿದೆ! ಅಂಥ ಏರ್ಪಾಡು ಎಲ್ಲೂ ಇಲ್ಲ. ತಿರುಗಿಸಿದರೂ ಅದೇ ಆಗುವ 1221 ಎಂಬ ಪಿನ್ ಇಟ್ಟುಕೊಂಡವನು ಏನು ಮಾಡಬೇಕು ಎಂದು ಯಾರೂ ಯೋಚಿಸಲಿಲ್ಲ. ನನ್ನ ಪ್ರೆಸ್ಸಿನಲ್ಲೇ ಲ್ಯಾಮಿನೇಶನ್ ಮಷಿನ್ನಿನ ಬಿಸಿ ರೋಲರಿಗೆ ಹುಡುಗನೊಬ್ಬನ ಅಂಗೈ ತಗುಲಿತು. ಪಕ್ಕದವನು ಫೋನಿನಲ್ಲಿ ಓದಿದ್ದ ಮನೆಮದ್ದು ಎಂದು ಟೂತ್‌ಪೇಸ್ಟ್ ಮೆತ್ತಿದ. ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವಾಗ ಹುಡುಗ ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು, ಐಸೂ ಬೇಡ, ಪೇಸ್ಟೂ ಬೇಡ, ಇಂಕೂ ಬೇಡ. ಡಾಕ್ಟರು ಹೇಳಿದ್ದು ಇಷ್ಟೇ. ಕನ್ನಡದಲ್ಲಿ ಎರಡೇ ಸಾಲು.

ಇವು ಕೈ ಸುಡುವ ಸುಳ್ಳುಗಳು. ಕೊಲ್ಲುವ ಸುಳ್ಳುಗಳನ್ನೂ ಕಂಡಿದ್ದೇವೆ. 2018ರ ಮೇ ತಿಂಗಳಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಗೆ ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ಒಬ್ಬ ಯುವಕನನ್ನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಡೆದು ಕೊಂದರು. ನನ್ನ ಪ್ರೆಸ್ಸಿನಿಂದ ನಡೆದು ಹೋಗುವಷ್ಟು ದೂರ ಅದು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನು ಅದೇ ವದಂತಿಗೆ ಬಲಿಕೊಟ್ಟರು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವಂತೆ ಮಿತಿ ಹಾಕುವುದಾಗಿ ಹೇಳಿತು. ಮಿತಿ ಹಾಕಿ ಏನು ಬಂತು? ಸುಳ್ಳು ಹೇಳುವವನು ನಮ್ಮ ಅಮ್ಮ, ಅಜ್ಜಿ, ಅಣ್ಣನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುತ್ತಾನೆ. ಕಳ್ಳನೂ ಕನ್ನಡ ಕಲಿತು ಫೋನ್ ಎತ್ತುತ್ತಾನೆ. ನಿಜ ಗೊತ್ತಿರುವ ನಮ್ಮ ಹುಡುಗರು ಮಾತ್ರ ಇಂಗ್ಲಿಷಿನಲ್ಲಿ ಹಂಚಿಕೊಂಡು ಮಲಗುತ್ತಾರೆ. ನಾಚಿಕೆಯಾಗಬೇಕು ನಮಗೆ!

ಕನ್ನಡದಲ್ಲಿ ಇಂಥ ಮಾತು ಹಂಚುವ ಪರಿಪಾಠ ಹೊಸದೇನಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದ 'ಮಂಗಳೂರು ಸಮಾಚಾರ', ಅಂದರೆ ನಮ್ಮ ಮೊದಲ ಕನ್ನಡ ಪತ್ರಿಕೆ, ಊರ ಸುದ್ದಿಯ ಜೊತೆ ಸರ್ಕಾರದ ಆಜ್ಞೆಗಳಿಗೂ ಜಾಗ ಕೊಟ್ಟಿತ್ತು. ಕುಂಪಣಿಯ ಕಾನೂನು ಜನರಿಗೆ ಅವರ ಮಾತಿನಲ್ಲಿ ತಿಳಿಯಲಿ ಎಂದು ಜರ್ಮನಿಯಿಂದ ಬಂದ ಪಾದ್ರಿಗೆ ಹೊಳೆಯಿತು. ನನ್ನ ತಂದೆ ಟ್ರೆಡಲ್ ಮಷಿನ್ನಿನಲ್ಲಿ ಮೊಳೆ ಜೋಡಿಸಿ ಕ್ಯಾಲೆಂಡರ್ ಹೊಡೆಯುತ್ತಿದ್ದ ಕಾಲದಲ್ಲಿ ಹಿಂಬದಿಯಲ್ಲಿ ರಾಹುಕಾಲ, ಬಸ್ಸಿನ ವೇಳೆ, ವಿಷ ಕುಡಿದವರಿಗೆ ಏನು ಮಾಡಬೇಕು ಎಲ್ಲ ಇರುತ್ತಿತ್ತು. ಅದರಲ್ಲೂ ಅರ್ಧ ತಪ್ಪೇ ಇರುತ್ತಿತ್ತೆನ್ನಿ. ಆದರೆ ಅಡುಗೆಮನೆ ಗೋಡೆಯ ಮೇಲೆ ವರ್ಷವಿಡೀ ಇರುತ್ತಿತ್ತು, ಹೊತ್ತಿಗೆ ಕಣ್ಣಿಗೆ ಬೀಳುತ್ತಿತ್ತು.

ಈಗ ನಿಮ್ಮ ಕೈಯಲ್ಲಿರುವ ಫೋನು ನನ್ನ ತಂದೆಯ ಮಷಿನ್ನಿಗಿಂತ ದೊಡ್ಡ ಅಚ್ಚುಕೂಟ. ಕನ್ನಡ ಟೈಪ್ ಮಾಡಲು ಬರುವುದಿಲ್ಲ ಎನ್ನುವ ನೆಪವೂ ಹಳೆಯದಾಯಿತು. 2017ರಿಂದ ಗೂಗಲ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಪದ ತಿಳಿಯದಿದ್ದರೆ 'ಅಲರ್' ನಿಘಂಟು ನೋಡಿ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು, ಬಿಡಿಗಾಸು ಕೊಡಬೇಕಿಲ್ಲ. ಇಂಥ ಒಬ್ಬ ಮನುಷ್ಯ ಮಾಡಿದ ಕೆಲಸದ ಮುಂದೆ ನಮ್ಮ ಘೋಷಣೆಗಳೆಲ್ಲ ಎಷ್ಟು ಸಣ್ಣವು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಚ್ಚಿನವನಾಗಿ ಒಂದು ಮಾತು ಹೇಳಲೇಬೇಕು, ಸ್ವಲ್ಪ ತಾಳ್ಮೆಯಿಂದ ಓದಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಎಷ್ಟೋ ಕೆಲಸ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲೇ ನಡೆಯುತ್ತದೆ. ಕಾಗದದ ಮೇಲೆ ಚೆಂದ ಕಾಣುತ್ತದೆ, ತಕರಾರಿಲ್ಲ. ಆದರೆ ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಚಿಂದಿ! ಅದನ್ನು ಫೋನಿಗೆ ಕಳಿಸಿದರೆ ಕಸ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆ ಇದೆ. ಹೊಸ ನುಡಿಯೂ ಬರಹವೂ ಯುನಿಕೋಡ್‌ನಲ್ಲಿ ಬರೆಯುತ್ತವೆ, ಹಳೆಯದನ್ನು ಬದಲಾಯಿಸುವ ಪರಿವರ್ತಕಗಳೂ ಪುಕ್ಕಟೆ ಸಿಗುತ್ತವೆ. ಹಾಗೆಯೇ, ಬಣ್ಣಬಣ್ಣದ ಹೂವಿನ ಚಿತ್ರದ ಮೇಲೆ ಕನ್ನಡ ಬರೆದು ಕಳಿಸುವ ಚಟ ಬಿಡಿ. ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸುಲಭವಾಗಿ ಸಿಗುವುದಿಲ್ಲ. ಕಣ್ಣು ಕಾಣದವರ ಫೋನು ಯುನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ನಿಮ್ಮ ಹೂವಿನ ಚಿತ್ರದ ಮುಂದೆ ಅದೂ ತಡವರಿಸುತ್ತದೆ. ಅಣ್ಣ ಆ ರಾತ್ರಿ 'ಖಾತೆಯಿಂದ ದುಡ್ಡು ಹೋಯಿತು ಏನು ಮಾಡಬೇಕು' ಎಂದು ಕನ್ನಡದಲ್ಲಿ ಹುಡುಕಿದ್ದರೆ? ನೀವು ಬರೆದ ಎರಡು ಸಾಲು ಅಲ್ಲಿ ಮೇಲೆ ಬಂದು ನಿಲ್ಲಬೇಕಿತ್ತು.

ಬರೆಯುವ ಭಾಷೆಯ ಬಗ್ಗೆಯೂ ಜಗಳ ಇದೆ. ಇದು ನಮ್ಮವರ ಮೇಲೇ ದೂರು, ಬೇಸರ ಮಾಡಿಕೊಳ್ಳಬೇಡಿ. ಸರ್ಕಾರಿ ಪ್ರಕಟಣೆಯಲ್ಲಿ 'ಅನಧಿಕೃತ ವಿದ್ಯುನ್ಮಾನ ವಹಿವಾಟುಗಳನ್ನು ವರದಿ ಮಾಡತಕ್ಕದ್ದು' ಎನ್ನುತ್ತಾರೆ. ನಮ್ಮ ಅಭಿಮಾನಿಗಳು ಪಾಸ್‌ವರ್ಡನ್ನು 'ಗುಪ್ತಪದ' ಮಾಡಿ ಎದೆ ತಟ್ಟಿಕೊಳ್ಳುತ್ತಾರೆ. ಅಣ್ಣನಿಗೆ ಇವೆರಡೂ ಇಂಗ್ಲಿಷಿನಷ್ಟೇ ದೂರ. ಪಿನ್ ಪಿನ್ನೇ, ಓಟಿಪಿ ಓಟಿಪಿಯೇ. ಬಸ್ಸು, ಬ್ಯಾಂಕು, ಪ್ರೆಸ್ಸು ಎಲ್ಲವನ್ನೂ ಅರಗಿಸಿಕೊಂಡ ಕನ್ನಡಕ್ಕೆ ಇನ್ನೆರಡು ಮಾತು ಭಾರವೇ? ಸಾಲು ಕನ್ನಡದ್ದಾಗಿರಲಿ, ಮನೆಯಲ್ಲಿ ಆಡುವ ಹಾಗಿರಲಿ.

ನನ್ನ ತಂಗಿಯ ಮಗನ ಕೈಯಲ್ಲಿ ನಾನು ಮೊದಲು ಬರೆಸಿದ್ದು ಕದ್ದ ಫೋನಿನ ವಿಷಯ. ಅವನಿಗೆ ಇಂಗ್ಲಿಷಿನಲ್ಲಿ ಬಾಯಿಪಾಠ. ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ, ಫೋನ್ ಕೊಂಡ ಡಬ್ಬಿಯ ಮೇಲೂ ಇರುತ್ತದೆ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಫೋನ್ ಹೋದರೆ ಪೊಲೀಸ್ ದೂರು ಕೊಟ್ಟು, ಕೇಂದ್ರದ ದೂರಸಂಪರ್ಕ ಇಲಾಖೆ 2023ರ ಮೇನಲ್ಲಿ ತೆರೆದ 'ಸಂಚಾರ್ ಸಾಥಿ'ಯಲ್ಲಿ ಆ ಸಂಖ್ಯೆ ಹಾಕಿದರೆ, ಕದ್ದವನು ಬೇರೆ ಸಿಮ್ ಹಾಕಿದರೂ ಫೋನು ನಡೆಯದಂತೆ ಕಟ್ಟಿಹಾಕುತ್ತಾರೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡಾಡುತ್ತಿವೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ನನ್ನ ಹೆಂಡತಿಯ ಹೆಸರಿನಲ್ಲಿ ಅವಳು ಕೊಳ್ಳದ ಒಂದು ಸಿಮ್ ಇತ್ತು! ಅದನ್ನು ನಮ್ಮದಲ್ಲ ಎಂದು ಅಲ್ಲೇ ಗುರುತು ಹಾಕಿದೆವು.

ಎರಡನೆಯದು ನಮ್ಮ ರಾಜ್ಯದ್ದೇ ಕಾನೂನು. 2011ರ ಸಕಾಲ ಕಾಯ್ದೆ, 2012ರ ಏಪ್ರಿಲ್ 2ರಿಂದ ಜಾರಿ. ಜಾತಿ ಪತ್ರ, ಆದಾಯ ಪತ್ರ, ಯಾವುದೇ ಸಕಾಲ ಸೇವೆಗೆ ಅರ್ಜಿ ಕೊಟ್ಟಾಗ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಗಡುವು ಮೀರಿದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕನ್ನು ಆ ಕಾಯ್ದೆ ಕೊಟ್ಟಿದೆ. ಮೊತ್ತ ಸಣ್ಣದು, ಒಪ್ಪೋಣ. ಆದರೆ ಸಂಖ್ಯೆ ಕೇಳುವವನ ಅರ್ಜಿಯನ್ನು ಮೇಜಿನ ಕೆಳಗೆ ತಳ್ಳುವುದು ಅಷ್ಟು ಸುಲಭವಲ್ಲ. ಕೌಂಟರಿನ ಮುಂದೆ ಕೈಕಟ್ಟಿ ನಿಲ್ಲುವ ನಮ್ಮ ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬರೆಯುವಾಗ ತಾರೀಖು ಹಾಕಿ. ಅಚ್ಚಿನಲ್ಲಿ ತಾರೀಖಿಲ್ಲದ ಕಾಗದಕ್ಕೆ ಬೆಲೆಯಿಲ್ಲ. ಹಳೆಯ 155260 ಸಂಖ್ಯೆಯನ್ನು ಈಗಲೂ ಹಂಚುತ್ತಿರುವ ಸಂದೇಶಗಳಿವೆ. ಎಲ್ಲಿ ನೋಡಿದಿರಿ ಎಂಬುದನ್ನೂ ಒಂದು ಮಾತಿನಲ್ಲಿ ಹೇಳಿ. ರಿಸರ್ವ್ ಬ್ಯಾಂಕಿನ ಸುತ್ತೋಲೆಯೋ, ಪಕ್ಕದ ಮನೆಯವರ ಫಾರ್ವರ್ಡೋ? ನಂಬರ್ ಆದರೆ ಕಳಿಸುವ ಮುಂಚೆ ಇಲಾಖೆಯ ತಾಣದಲ್ಲೋ ಕಚೇರಿಯಲ್ಲೋ ತಾಳೆ ನೋಡಿ. ನೋಡಲು ಸಾಧ್ಯವಾಗದಿದ್ದರೆ ಕಳಿಸಲೇಬೇಡಿ. ನಾನು ಮೂರು ಸಲ ಪ್ರೂಫ್ ನೋಡಿ ಪ್ಲೇಟ್ ಹಾಕಿಸುತ್ತೇನೆ, ಆದರೂ ತಪ್ಪಾಗುತ್ತದೆ. ನೀವು ಓದದೆಯೇ ದಾಟಿಸುತ್ತೀರಲ್ಲ?

ಅಣ್ಣನ ಪ್ರಕರಣವಾದ ಮೇಲೆ ಕಟಿಂಗಿನಲ್ಲಿ ಉಳಿದ ಸ್ಟಿಕ್ಕರ್ ಹಾಳೆಯಲ್ಲಿ ಒಂದು ಚೀಟಿ ಹೊಡೆಸಿದೆ. 'ದುಡ್ಡು ಹೋದರೆ ಮೊದಲು ಈ ನಂಬರ್', ಅಷ್ಟೇ. ಅಂಕಿ ಕನ್ನಡದಲ್ಲೇ ಇರಬೇಕೆಂದು ಗೆಳೆಯರು ಹಟ ಹಿಡಿದರು. ಫೋನಿನ ಗುಂಡಿಯ ಮೇಲೆ ಇರುವುದು ಬೇರೆ ಅಂಕಿಯಲ್ಲವೇ ಎಂದು ಅಣ್ಣನೇ ಕೇಳಿದರು. ಕಡೆಗೆ ೧೯೩೦ ಮೇಲೆ, 1930 ಕೆಳಗೆ ಹಾಕಿದೆವು. ಹಾಲಿನ ಅಂಗಡಿ, ಕ್ಷೌರದ ಅಂಗಡಿ, ಆಟೋ ಸ್ಟ್ಯಾಂಡು, ಎಲ್ಲ ಕಡೆ ಅಣ್ಣನೇ ನಿಂತು ಅಂಟಿಸಿ ಬಂದರು. ಎರಡು ವಾರದ ಮೇಲೆ ಹಾಲಿನ ಅಂಗಡಿಯವರ ತಮ್ಮನಿಗೆ ಅದೇ ಥರ ಕರೆ ಬಂದು ಒಂಬತ್ತು ಸಾವಿರ ಹೋಯಿತು. ಅಂಗಡಿಯ ಕಪಾಟಿನ ಮೇಲಿದ್ದ ಚೀಟಿ ನೋಡಿ ಅವನು ಇಪ್ಪತ್ತು ನಿಮಿಷದೊಳಗೆ ಫೋನ್ ಮಾಡಿದ. ದುಡ್ಡು ಎರಡನೆಯ ಖಾತೆಯಲ್ಲೇ ನಿಂತಿತು. ವಾಪಸ್ ಕೈಗೆ ಬರಲು ಇನ್ನೂ ಓಡಾಡುತ್ತಿದ್ದಾನೆ, ಆದರೆ ಕಳ್ಳನ ಕೈಗೆ ಸಿಗಲಿಲ್ಲ.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಕೊನೆಯ ಪುಟದಲ್ಲಿ ಅಂಗೈ ಅಗಲದ ಜಾಗ ಖಾಲಿ ಬಿಡುತ್ತೇನೆ. ಅಷ್ಟು ಜಾಗದ ಜಾಹೀರಾತು ದುಡ್ಡು ನಷ್ಟ, ಇರಲಿ. ನೀವು ಇಂಗ್ಲಿಷಿನಲ್ಲಿ ಕಂಡುಕೊಂಡ ಒಂದು ಉಪಯೋಗದ ಮಾತನ್ನು ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿ, ಅವರಿಗೆ ಅರ್ಥವಾದ ಮೇಲೆ ಎಂಟು ಸಾಲಿನಲ್ಲಿ ಬರೆದು, ತಾರೀಖು ಹಾಕಿ, ಪತ್ರಿಕೆ ಹಂಚಲು ಬರುವ ಹುಡುಗರ ಕೈಗೆ ಕೊಡಿ. ಯುನಿಕೋಡ್‌ನಲ್ಲಿ ಕೊಟ್ಟರೆ ನನ್ನ ಡಿಟಿಪಿ ಹುಡುಗಿಗೆ ಅರ್ಧ ಕೆಲಸ ಉಳಿಯುತ್ತದೆ. ಮೊದಲ ಪ್ರೂಫ್ ಅಣ್ಣನೇ ನೋಡುತ್ತಾರೆ.